ಪಾರ್ಶ್ವಪ್ರವೇಶ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಅನುಬಂಧ ಚತುಷ್ಟಯದಿಂದ ಆರಂಭಿಸುವುದು ಸಂಪ್ರದಾಯ. ಈ ಶಾಸ್ತ್ರದ ವಿಷಯ: ಬೇರೆಲ್ಲೋ ಹತ್ತಾರು ವರ್ಷ ದುಡಿದು ನುರಿತವರು ಹೊಸ ಕಚೇರಿಗೆ ಬಂದು ಅಲ್ಲಿನ ಹಳಬರ ನಡುವೆ ಕುರ್ಚಿ ಎಳೆದುಕೊಳ್ಳುವ ಬಗೆ, ಅಂದರೆ ಲ್ಯಾಟರಲ್ ಎಂಟ್ರಿ. ಪ್ರಯೋಜನ: ಉಭಯ ಪಕ್ಷಗಳ ರಕ್ತದೊತ್ತಡ ಸ್ಥಿಮಿತದಲ್ಲಿರುವುದು. ಅಧಿಕಾರಿ: ಆಫರ್ ಲೆಟರ್‌ಗೆ ಸಹಿ ಹಾಕಿ ನೋಟಿಸ್ ಪೀರಿಯಡ್‌ನ ದಿನ ಎಣಿಸುತ್ತಿರುವ ಯಾರಾದರೂ. ಸಂಬಂಧ: ಅದನ್ನು ಎಚ್‌ಆರ್ ವಿಭಾಗ ನೋಡಿಕೊಳ್ಳುತ್ತದೆ.

ಇಂಥವರನ್ನು ಗಂಡನ ಮನೆಗೆ ಬಂದ ಹೊಸ ಸೊಸೆಗೆ ಹೋಲಿಸುವುದು ಲೋಕರೂಢಿ. ಮೀಮಾಂಸಕರು ಈ ಉಪಮೆಯನ್ನು ತಳ್ಳಿಹಾಕುತ್ತಾರೆ. ಸೊಸೆಯ ಸಂಬಳ ಅತ್ತೆಯ ಸಂಬಳಕ್ಕಿಂತ ಶೇ 18 ಹೆಚ್ಚಿರುವುದಿಲ್ಲ.

ಸೂತ್ರ 1: ಸಂಬಳ ಮುಂದೆ, ಕೆಲಸ ಹಿಂದೆ.

ಭಾಷ್ಯ: ಆ 18ರ ಲೆಕ್ಕ ವಾರ್ಟನ್ ಬಿಸಿನೆಸ್ ಸ್ಕೂಲಿನ ಮ್ಯಾಥ್ಯೂ ಬಿಡ್‌ವೆಲ್ ಅವರದು. ಅಮೆರಿಕದ ಹೂಡಿಕೆ ಬ್ಯಾಂಕೊಂದರ 2003ರಿಂದ 2009ರವರೆಗಿನ ಕಡತಗಳನ್ನು ಜಾಲಾಡಿ, ಅವರು 2011ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದೇ ಬಗೆಯ ಹುದ್ದೆಗೆ ಒಳಗಿನಿಂದ ಬಡ್ತಿ ಪಡೆದು ಏರಿದವರು ಒಂದು ಕಡೆ, ಹೊರಗಿನಿಂದ ಬಂದು ಕೂತವರು ಇನ್ನೊಂದು ಕಡೆ. ಹೊರಗಿನವರ ಪದವಿ, ಅನುಭವ, ಸಂಬಳ ಎಲ್ಲವೂ ಭಾರಿ. ಆದರೆ ಮೊದಲ ಎರಡು ವರ್ಷ ಕೆಲಸದ ಮೌಲ್ಯಮಾಪನದಲ್ಲಿ ಅವರು ಒಳಗಿನವರಿಗಿಂತ ಹಿಂದೆ. ಕೆಲಸ ಬಿಡುವುದರಲ್ಲೂ, ಬಿಡಿಸಿಕೊಳ್ಳುವುದರಲ್ಲೂ ಮುಂದೆ.

ಸಂಬಳದ ಅಂಕಿ ಗೋಪ್ಯ ಎಂದು ಪ್ರತಿ ಕರಾರುಪತ್ರದಲ್ಲೂ ಅಚ್ಚಾಗಿರುತ್ತದೆ. ಹಳಬರಿಗೆ ಅದು ಬಂದವನ ಐಡಿ ಕಾರ್ಡ್ ತಯಾರಾಗುವುದರೊಳಗೇ ಗೊತ್ತಾಗಿರುತ್ತದೆ. ಈ ಜ್ಞಾನ ಪ್ರತ್ಯಕ್ಷವೋ, ಅನುಮಾನವೋ, ಆಪ್ತವಾಕ್ಯವೋ ಎಂಬ ಬಗ್ಗೆ ಶಾಸ್ತ್ರಕಾರರಲ್ಲಿ ಭಿನ್ನಮತವಿದೆ. ಕ್ಯಾಂಟೀನ್ ಎಂಬ ನಾಲ್ಕನೆಯ ಪ್ರಮಾಣವನ್ನು ನವ್ಯರು ಸೇರಿಸಿದ್ದಾರೆ.

ಸೂತ್ರ 2: ಕೈಗುಣದಲ್ಲಿ ಅರ್ಧ ಕೈಯದು, ಅರ್ಧ ಕಟ್ಟಡದ್ದು.

ಭಾಷ್ಯ: ರಾಬರ್ಟ್ ಹಕ್‌ಮನ್ ಮತ್ತು ಗ್ಯಾರಿ ಪಿಸಾನೊ ಅವರು ಪೆನ್ಸಿಲ್ವೇನಿಯಾದ ಹೃದಯ ಶಸ್ತ್ರಚಿಕಿತ್ಸಕರ ದಾಖಲೆಗಳನ್ನು ನೋಡಿ 2006ರಲ್ಲಿ ಬರೆದದ್ದು ಈ ಸೂತ್ರಕ್ಕೆ ಆಧಾರ. ಅಲ್ಲಿನ ಹಲವು ವೈದ್ಯರು ಒಂದಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಹೆಚ್ಚು ಮಾಡಿದಷ್ಟೂ ಅಲ್ಲಿನ ಫಲಿತಾಂಶ ಸುಧಾರಿಸಿತು. ಆ ಸುಧಾರಣೆ ಮಾತ್ರ ಇನ್ನೊಂದು ಆಸ್ಪತ್ರೆಗೆ ಅವರ ಜೊತೆ ಕಾರು ಹತ್ತಲಿಲ್ಲ. ಅದೇ ಡಾಕ್ಟರು, ಅದೇ ಬೆರಳು, ಅದೇ ವಾರ. ಪಕ್ಕದಲ್ಲಿ ನಿಂತ ನರ್ಸು, ಅರಿವಳಿಕೆ ತಜ್ಞರು, ಉಪಕರಣದ ಟ್ರೇ ಬೇರೆ.

ಬೆಂಗಳೂರಿನ ಕಚೇರಿಗಳಲ್ಲಿ ಈ ಟ್ರೇಯ ಸ್ಥಾನದಲ್ಲಿ ಎಕ್ಸೆಲ್ ಶೀಟ್ ಇರುತ್ತದೆ. ಅದನ್ನು ಬರೆದವನು ಎಂದೋ ಕಂಪನಿ ಬಿಟ್ಟಿದ್ದಾನೆ. ಅದರ ಮ್ಯಾಕ್ರೊ ಹೇಗೆ ನಡೆಯುತ್ತದೆಂದು ಯಾರಿಗೂ ಗೊತ್ತಿಲ್ಲ, ಯಾವ ಕಾಲಂ ಮುಟ್ಟಬಾರದು ಎಂಬುದು ಮಾತ್ರ ಎಲ್ಲ ಹಳಬರಿಗೂ ಗೊತ್ತು. ಬಂದ ಮೂರನೆಯ ದಿನ ಲ್ಯಾಟರಲ್ ಮಹಾಶಯ ಆ ಕಾಲಂ ಮುಟ್ಟುತ್ತಾನೆ. ಒಂದು ಅರ್ಜಿಗೆ ಮೂರು ಸಹಿ ಯಾಕೆ ಎಂದು ಕೇಳುತ್ತಾನೆ. ಹಿಂದೊಮ್ಮೆ ಆಡಿಟ್‌ನವರು ಎತ್ತಿದ ಆಕ್ಷೇಪಣೆಯ ಗಾಯ ಅದು ಎಂದು ಹಳಬರು ವಿವರಿಸಬಹುದಿತ್ತು. ‘ಇಲ್ಲಿ ಹಾಗೇ ಸಾರ್’ ಎಂದಷ್ಟೇ ಹೇಳುತ್ತಾರೆ. ಕೆಟಿ, ಅರ್ಥಾತ್ ಜ್ಞಾನಪ್ರದಾನ, ಇಲ್ಲಿಗೆ ಮುಗಿಯಿತು.

ಪೂರ್ವಪಕ್ಷ: ಹಾಗಾದರೆ ವಿಶ್ವೇಶ್ವರಯ್ಯನವರು? 1884ರಿಂದ ಸುಮಾರು ಕಾಲು ಶತಮಾನ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. ಮುದ್ದೇನಹಳ್ಳಿಯವರು, ಆದರೆ ಕಚೇರಿಗೆ ಹೊಸಬರು. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೂರಿಸಿದ ಸ್ವಯಂಚಾಲಿತ ಗೇಟಿನ ವಿದ್ಯೆಯನ್ನು ಮುಂದೆ ಕೃಷ್ಣರಾಜಸಾಗರಕ್ಕೂ ತಂದರಲ್ಲ?

ಉತ್ತರಪಕ್ಷ: ತಂದರು, ಗೇಟನ್ನು. ನೀರು ಎಲ್ಲ ಪ್ರಾಂತ್ಯದಲ್ಲೂ ಒಂದೇ ಕಡೆಗೆ ಹರಿಯುತ್ತದೆ, ಕಡತ ಹಾಗಲ್ಲ. ಕನ್ನಂಬಾಡಿ ಯೋಜನೆ ಮೇಜಿನ ಮೇಲೆ ಬಂದಾಗ ಹಣಕಾಸಿನ ಕಡೆಯಿಂದ ಎದ್ದ ಆಕ್ಷೇಪಣೆಗಳಿಗೆ ಪುಣೆಯ ಗೇಟು ಉತ್ತರ ಕೊಡಲಿಲ್ಲ. ಮೈಸೂರಿನಲ್ಲೇ ಕೂತು ಅವುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸೂತ್ರ 3: ತನ್ನವರನ್ನು ಕರೆತಂದವನು ಕೆಲಸದಲ್ಲಿ ಗೆಲ್ಲುತ್ತಾನೆ, ಕಾಫಿಯಲ್ಲಿ ಸೋಲುತ್ತಾನೆ.

ಭಾಷ್ಯ: ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ವಾಲ್ ಸ್ಟ್ರೀಟಿನ 1,052 ತಾರಾ ವಿಶ್ಲೇಷಕರ ಜಾತಕ ನೋಡಿದರು. ಕಂಪನಿ ಬದಲಿಸಿದವರಲ್ಲಿ ಶೇ 46 ಮಂದಿಯ ಸಾಧನೆ ಮರುವರ್ಷವೇ ಕುಸಿದಿತ್ತು. ತಾರೆ ಅದೇ, ಆಕಾಶ ಬದಲಾಗಿತ್ತು. ಹಳೆಯ ತಂಡವನ್ನೇ ಜೊತೆಗೆ ಕಟ್ಟಿಕೊಂಡು ಹೋದವರು ಹೆಚ್ಚು ಚೆನ್ನಾಗಿ ನಿಭಾಯಿಸಿದರು.

ಈ ಉಪಾಯ ಮೈಸೂರಿಗೆ ಹಳೆಯದು. ಮದ್ರಾಸ್ ಪ್ರಾಂತ್ಯದಿಂದ ಬಂದ ರಂಗಾಚಾರ್ಲು 1868ರಲ್ಲಿ ಶೇಷಾದ್ರಿ ಅಯ್ಯರ್ ಅವರನ್ನೂ ಕರೆಸಿಕೊಂಡರು. ಆಡಳಿತಕ್ಕೆ ಅದರಿಂದ ಲಾಭವೇ ಆಯಿತು. ರಂಗಾಚಾರ್ಲು 1881ರಲ್ಲಿ ದಿವಾನರಾದರು. 1883ರಿಂದ 18 ವರ್ಷ ಶೇಷಾದ್ರಿ ಅಯ್ಯರ್ ದಿವಾನರು. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಹರಿಸುವ ಕೆಲಸ ಶುರುವಾದದ್ದು ಅವರ ಕಾಲದಲ್ಲೇ. ಇಷ್ಟಾಗಿಯೂ ಹಳಬರ ಲೆಕ್ಕದಲ್ಲಿ ಅವರು ಮದ್ರಾಸಿನವರ ಬಣದ ಮುಖಂಡರು. ಮೈಸೂರು ಮೈಸೂರಿನವರಿಗೆ ಎಂಬ ಕೂಗಿನ ಗುರಿ. 1901ರಲ್ಲಿ ಅಧಿಕಾರ ಬಿಟ್ಟಾಗ ಅವರು ಸಂಸ್ಥಾನಕ್ಕೆ ಬಂದು 33 ವರ್ಷವಾಗಿತ್ತು. ಪ್ರೊಬೇಷನ್ ಅವಧಿ ಎಷ್ಟಿರಬೇಕೆಂದು ಕೇಳುವವರು ಈ ಅಂಕಿಯನ್ನು ಗುರುತು ಹಾಕಿಕೊಳ್ಳುವುದು.

ಕೇಂದ್ರ ಸರ್ಕಾರದ ವಿಧಾನ ಇದಕ್ಕಿಂತ ಸೂಕ್ಷ್ಮ. 2024ರ ಆಗಸ್ಟ್‌ನಲ್ಲಿ ಯುಪಿಎಸ್‌ಸಿ 45 ಪಾರ್ಶ್ವಪ್ರವೇಶ ಹುದ್ದೆಗಳಿಗೆ ಜಾಹೀರಾತು ಕೊಟ್ಟು, ಮೀಸಲಾತಿಯ ಪ್ರಶ್ನೆ ಎದ್ದದ್ದೇ ತಡ, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ 45 ಹೊಸಬರು ಹಳಬರೊಡನೆ ಈವರೆಗೆ ಒಂದು ಜಗಳವನ್ನೂ ಆಡಿಲ್ಲ.

ಸೂತ್ರ 4: ವೇಗದ ಮಿತಿಯ ಫಲಕ ಎಲ್ಲೂ ಇಲ್ಲ, ದಂಡ ಮಾತ್ರ ಇದೆ.

ಭಾಷ್ಯ: ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ ದೂರವಾಣಿ ಉಪಕರಣಗಳಿಗೆ ತಂತಿ ಜೋಡಿಸುತ್ತಿದ್ದ 14 ಮಂದಿಯನ್ನು ಸಂಶೋಧಕರು ಒಂದು ಕೋಣೆಯಲ್ಲಿ ಕೂರಿಸಿ ತಿಂಗಳುಗಟ್ಟಲೆ ಗಮನಿಸಿದರು. ತಂಡ ಹೆಚ್ಚು ದುಡಿದರೆ ಎಲ್ಲರಿಗೂ ಹೆಚ್ಚು ಹಣ. ಆದರೂ ದಿನಕ್ಕೆ ಇಷ್ಟೇ ಸಾಕು ಎಂದು ಅವರೇ ಒಂದು ಗೆರೆ ಎಳೆದುಕೊಂಡಿದ್ದರು. ಹೆಚ್ಚು ಮಾಡಿ ತೋರಿಸಿದರೆ ಮಾಲೀಕರು ದರ ಇಳಿಸಿಯಾರು ಎಂಬ ಭಯ. ಗೆರೆ ದಾಟಿದವನ ತೋಳಿಗೆ ಪಕ್ಕದವನಿಂದ ಒಂದು ಗುದ್ದು. ಅದಕ್ಕೆ ‘ಬಿಂಗಿಂಗ್’ ಎಂದು ಹೆಸರು.

ಈಗ ಗುದ್ದು ನಿಷಿದ್ಧ. ಮೊದಲ ವಾರವೇ ರಾತ್ರಿ ಹನ್ನೊಂದಕ್ಕೆ ಬಾಸ್‌ಗೆ ಸಿಸಿ ಹಾಕಿ ಮೇಲ್ ಕಳಿಸಿದವನಿಗೆ ಮರುದಿನ ಮೀಟಿಂಗ್ ರೂಮ್ ಬದಲಾದದ್ದು ತಿಳಿಯುವುದಿಲ್ಲ, ಅಷ್ಟೆ.

ಹೊಸಬರಲ್ಲಿ ಮೂರು ವರ್ಗ. ಪ್ರತಿ ಚರ್ಚೆಯಲ್ಲೂ ಹಳೆಯ ಕಂಪನಿಯ ಪುರಾಣ ಬಿಚ್ಚುವವನು ಸ್ಮಾರ್ತ. ಆರು ತಿಂಗಳು ಬಾಯಿ ತೆರೆಯದೆ, ಕರೆತಂದದ್ದೇ ಯಾಕೆಂದು ಎಲ್ಲರೂ ಮರೆಯುವಂತೆ ಮಾಡುವವನು ಮೌನಿ. ಮೊದಲೇ ವಿಚಾರಿಸಿಕೊಂಡು ಬಂದು ನಿಭಾಯಿಸುವ ಮೂರನೆಯ ವರ್ಗಕ್ಕೆ ಇನ್ನೂ ಹೆಸರಿಟ್ಟಿಲ್ಲ, ಏಕೆಂದರೆ ಅದರಲ್ಲಿ ಹೆಚ್ಚಿನವರು ಹೆಂಗಸರು. ಶಾಸ್ತ್ರಕಾರರಿಗೆ ಈ ವಿಷಯ ತಡವಾಗಿ ತಿಳಿಯಿತು. ಗ್ರಾಯ್ಸ್‌ಬರ್ಗ್ ಅವರ ಪಟ್ಟಿಯ ಮಹಿಳಾ ವಿಶ್ಲೇಷಕರು ಕಂಪನಿ ಬದಲಿಸಿದಾಗ ಗಂಡಸರಂತೆ ಕುಸಿಯಲಿಲ್ಲ. ಹಳೆಯ ಕಚೇರಿಯ ಗಂಡಸರ ಕೂಟದಲ್ಲಿ ಜಾಗ ಸಿಗದ ಅವರು ಗ್ರಾಹಕರು ಮತ್ತು ಹೊರಗಿನವರೊಡನೆ ನಂಟು ಬೆಳೆಸಿದ್ದರು. ಆ ನಂಟು ಜೊತೆಗೇ ಬಂತು. ಹೊಸ ಕಡೆ ಸೇರುವ ಮುನ್ನ ಅಲ್ಲಿನ ವಾತಾವರಣವನ್ನೂ ಕೂಲಂಕಷವಾಗಿ ವಿಚಾರಿಸಿದ್ದರು. ವಿಶ್ವೇಶ್ವರಯ್ಯನವರೂ ಮೈಸೂರಿನ ಆಹ್ವಾನಕ್ಕೆ ಹೂಂ ಎನ್ನುವ ಮೊದಲು, ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಯ ಕೆಲಸಕ್ಕೆ ಅಲ್ಲಿ ಅವಕಾಶವಿದೆಯೇ ಎಂದು ಕೇಳಿಕೊಂಡಿದ್ದರು. ಸಂದರ್ಶನದ ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎಂದಾಗ ‘ಏನಿಲ್ಲ ಸಾರ್’ ಎನ್ನುವವರಿಗೆ ಈ ಮಾರ್ಗದಲ್ಲಿ ಅಧಿಕಾರವಿಲ್ಲ.

ಫಲಶ್ರುತಿ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದ ಹೊಸಬನಿಗೆ ಎಕ್ಸೆಲ್ ಶೀಟಿನ ಕಥೆ ಹೇಳುವ ಒಬ್ಬ ಹಳಬ ದೊರೆಯುತ್ತಾನೆ. ಪಠಿಸಿದ ಹಳಬನಿಗೆ, ತಾನು ಕೇಳಬೇಕೆಂದಿದ್ದ ಮೂರು ಸಹಿಯ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ ಪುಣ್ಯ. ಹೊಸಬನನ್ನು ಕರೆತಂದ ಮ್ಯಾನೇಜರ್ ಪಠಿಸಿದರೆ ಬರುವ ಫಲದ ಬಗ್ಗೆ ಶಾಸ್ತ್ರ ಏನನ್ನೂ ಹೇಳುವುದಿಲ್ಲ; ಅಷ್ಟರಲ್ಲಿ ಅವನು ಬೇರೆ ಕಂಪನಿ ಸೇರಿರುತ್ತಾನೆ.