ಚಾಲ್ತಿಯಲ್ಲಿದೆ!

ಲಿನಕ್ಸ್ ಸರ್ವರುಗಳಲ್ಲಿ ಡೀಮನ್ ಎಂಬ ಜಾತಿಯ ಪ್ರೋಗ್ರಾಮುಗಳಿವೆ. ಪರದೆಯ ಮೇಲೆ ಮುಖ ತೋರಿಸುವುದಿಲ್ಲ, ಕೀಬೋರ್ಡಿನ ಮಾತು ಕೇಳುವುದಿಲ್ಲ, ಹಿಂದೆಲ್ಲೋ ಕೂತು ಕೆಲಸ ಮಾಡುತ್ತವೆ. ಹುಟ್ಟುವ ಪರಿಯೂ ವಿಚಿತ್ರ: ತಾಯಿ ಪ್ರೋಸೆಸ್ಸು ಮರಿ ಹಾಕಿ ತಾನು ಸಾಯುತ್ತದೆ, ತಬ್ಬಲಿ ಮರಿಯನ್ನು ಸಾಮಾನ್ಯವಾಗಿ ಒಂದನೇ ನಂಬರಿನ ಪ್ರೋಸೆಸ್ಸು ದತ್ತು ತೆಗೆದುಕೊಳ್ಳುತ್ತದೆ. ಕಣ್ಣಿಗೆ ಬೀಳದ ಇದನ್ನು ನಾಳೆ ಹುಡುಕುವುದು ಹೇಗೆ? ಅದಕ್ಕೇ ತನ್ನ ನಂಬರನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಅದು ಪಿಐಡಿ ಫೈಲು.

ಕಾರವಾರದ ಬಳಿಯ ಬಿಣಗಾದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಪಕ್ಕದ ಅರ್ಗಾದಿಂದ ಅಂಕೋಲಾದ ಕಡೆಯವರೆಗೆ ಊರುಗಳು ಗದ್ದೆ, ತೋಟ, ಮನೆ ಬಿಟ್ಟು ಎದ್ದವು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆಯ ಉದ್ಘಾಟನೆಯೂ ಆಯಿತು. ಅದು ಪರದೆಯ ಮುಂದಿನ ಕೆಲಸ. ಪರಿಹಾರವೋ, ಹಿನ್ನೆಲೆಗೆ ಹೋಯಿತು; ನೆಲೆಗೆ ಹಡಗು ಬಂದ ಮೇಲೂ ವರ್ಷಗಟ್ಟಲೆ ಅಲ್ಲೇ ‘ಓಡಿತು’.

ಹಳೆಯ ಭೂಸ್ವಾಧೀನ ಕಾಯ್ದೆಯ 28ಎ ಕಲಮು ನೋಡಿ. ನೆರೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ದರ ಪಡೆದರೆ, ಕೋರ್ಟು ಮೆಟ್ಟಿಲು ಹತ್ತದವನೂ ಅದೇ ದರ ಕೇಳಬಹುದು. ಆದರೆ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ಆ ಅರ್ಜಿಯನ್ನು ಎಷ್ಟು ದಿನದಲ್ಲಿ ತೀರ್ಮಾನಿಸಬೇಕು ಎಂಬುದಕ್ಕೆ ಕಲಮಿನಲ್ಲಿ ಗಡುವಿಲ್ಲ. ಆಹಾ, ಎಂಥ ಡೀಮನ್!

‘ಅಜ್ಜಾ, ನಿಮ್ಮ ಫೈಲು ಚಾಲ್ತೀಲಿದೆ.’

‘ಎಲ್ಲಿದೆ ಸಾಹೇಬ್ರೆ?’

‘ಮೇಲೆ ಹೋಗಿದೆ.’

‘ಯಾರ ಮೇಜಿಗೆ?’

‘ಇನ್ವರ್ಡ್ ನಂಬರ್ ಕೊಟ್ಟಿದೀವಲ್ಲ!’

ಡೀಮನ್ ಹಠಾತ್ತನೆ ಸತ್ತರೆ ಅದರ ಪಿಐಡಿ ಫೈಲನ್ನು ಅಳಿಸುವವರಿಲ್ಲ. ಪ್ರಾಣ ಹೋಗಿದೆ, ನಂಬರು ಉಳಿದಿದೆ. ಮತ್ತೆ ಶುರು ಮಾಡಹೊರಟರೆ ಪೆದ್ದು ಸ್ಕ್ರಿಪ್ಟು ಫೈಲು ನೋಡಿ ‘ಆಗಲೇ ಓಡುತ್ತಿದೆ’ ಎಂದು ವಾಪಸು ಕಳಿಸುತ್ತದೆ. ಹೊಸ ಅರ್ಜಿ ಹಿಡಿದು ಹೋದವನಿಗೆ ‘ಹಳೇದು ಇದೆಯಲ್ಲ’ ಎನ್ನುವ ಗುಮಾಸ್ತ ಈ ಸ್ಕ್ರಿಪ್ಟನ್ನು ಎಲ್ಲಿ ಕಲಿತನೋ! ಇನ್ನೂ ಅಪಾಯದ ಸಂಗತಿಯೆಂದರೆ ನಂಬರುಗಳು ಮರುಬಳಕೆಯಾಗುತ್ತವೆ. ಸತ್ತವನ ನಂಬರು ಮತ್ತೊಬ್ಬನಿಗೆ ಸಿಕ್ಕಿರುತ್ತದೆ. ಹಳೇ ಫೈಲು ನಂಬಿ ‘ಕಿಲ್’ ಆಜ್ಞೆ ಕೊಟ್ಟರೆ ಸಾಯುವವನು ಯಾರೋ ಪಾಪದವನು.

ಕಂಪ್ಯೂಟರಿನವರು ಇದಕ್ಕೆ ಮದ್ದು ಕಂಡುಕೊಂಡು ಬಹಳ ಕಾಲವಾಯಿತು. ಸೊನ್ನೆ ನಂಬರಿನ ಸಿಗ್ನಲ್ ಒಂದಿದೆ. ಯಾರನ್ನೂ ಕೊಲ್ಲದೆ ಆ ನಂಬರಿನವನು ಇದ್ದಾನೋ ಇಲ್ಲವೋ ಎಂದಷ್ಟೇ ವಿಚಾರಿಸುತ್ತದೆ. ಇದ್ದವನು ಹಳಬನೇ ಎಂದು ಖಾತ್ರಿಯಾಗಬೇಕಾದರೆ ಫೈಲಿಗೇ ಬೀಗ ಹಾಕಿ ಕೂರುವ ಪದ್ಧತಿ ಇದೆ: ಪ್ರಾಣ ಹೋದ ಕ್ಷಣ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ಫೈಲುಗಳಿರುವ ‘ರನ್’ ಕೋಶವಂತೂ ಈಗ ಮೆಮೊರಿಯಲ್ಲೇ ಇರುವುದರಿಂದ ಯಂತ್ರ ಆರಿಸಿ ಹೊತ್ತಿಸಿದರೆ ಖಾಲಿ. ನಮ್ಮ ಗೋದ್ರೇಜ್ ಕಪಾಟುಗಳಿಗೆ ಅಂಥ ದೌರ್ಬಲ್ಯವಿಲ್ಲ.

ಆದ್ದರಿಂದ ಕೌಂಟರಿನಲ್ಲಿ ‘ಫೈಲು ಇದೆಯಾ’ ಎಂದು ಕೇಳಲೇಬೇಡಿ, ಇದ್ದೇ ಇರುತ್ತದೆ. ಟಿಪ್ಪಣಿ ಹಾಳೆಯ ಕೊನೆಯ ಸಹಿ ಯಾವ ತಾರೀಕಿನದು ಎಂದು ಕೇಳಿ. ಹೇಳದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಆ ಕಾಯ್ದೆಯೂ 2005ರದೇ, ಮತ್ತು ಅದರಲ್ಲಿ ಉತ್ತರ ಕೊಡುವವರಿಗೆ 30 ದಿನಗಳ ಗಡುವಿದೆ.