ದಾಸವಾಳ ಸ್ವಾಮ್ಯ ನಿರ್ಣಯ

ತುಮಕೂರಿನ ಶಿರಾ ಗೇಟ್ ಪ್ರಾಂತ್ಯದಲ್ಲಿ, ಬೇರನ್ನು ಕಾಂಪೌಂಡಿನ ಒಳಗೂ ರೆಂಬೆಯನ್ನು ಹೊರಗೂ ಇಟ್ಟುಕೊಂಡ ಕೆಂಪು ದಾಸವಾಳ ಯಾರದು? ನೀರು ಹಾಕಿದವರದೋ, ಬೆಳಗಿನ ಐದೂವರೆಗೆ ಕೊಕ್ಕೆಕೋಲು, ಪ್ಲಾಸ್ಟಿಕ್ ಕವರಿನೊಡನೆ ವಾಕಿಂಗ್ ಹೊರಟವರದೋ? ಇಂಥ ಗಹನ ಪ್ರಶ್ನೆಯನ್ನು ವಿದ್ವಲ್ಲೋಕ ಈವರೆಗೆ ಕಡೆಗಣಿಸಿದ್ದು ಶೋಚನೀಯ. ಪ್ರಸ್ತುತ ಪ್ರಬಂಧ ಆ ಕೊರತೆ ನೀಗಲೆಂದೇ ಹುಟ್ಟಿದೆ.

ಪೂರ್ವಪಕ್ಷ ಮನೆಯೊಡತಿಯದು. ಕಡ್ಡಿ ನೆಟ್ಟವಳು ತಾನು, ಕೊಟ್ಟಿಗೆ ಗೊಬ್ಬರ ತರಿಸಿದವಳು ತಾನು, ಆದ್ದರಿಂದ ಹೂ ತನ್ನದು. ವಾದವೇನೋ ಗಟ್ಟಿ. ಆದರೆ ಕೊಕ್ಕೆ ಪಂಥದವರ ಬೆನ್ನಿಗೆ ಸಾಕ್ಷಾತ್ ಗೌತಮ ಧರ್ಮಸೂತ್ರವೇ ನಿಂತಿದೆ. ಹಸುವಿಗೆ ಹುಲ್ಲು, ಅಗ್ನಿಗೆ ಸೌದೆ, ಗಿಡಬಳ್ಳಿಗಳ ಹೂ ಇವನ್ನು ತನ್ನದೇ ಎಂಬಂತೆ ತೆಗೆದುಕೊಳ್ಳಬಹುದು ಎನ್ನುತ್ತದೆ ಅದು. ಬೇಲಿ ಇಲ್ಲದಿದ್ದರೆ ಹಣ್ಣನ್ನೂ. ಸೂಕ್ಷ್ಮ ಇರುವುದು ಇಲ್ಲೇ. ಬೇಲಿಯ ಷರತ್ತು ಅಂಟಿಕೊಂಡಿರುವುದು ಹಣ್ಣಿಗೆ, ಹೂವಿಗಲ್ಲ! ಎಂಟಡಿ ಗೋಡೆ ಎಬ್ಬಿಸಿ ಮೇಲೆ ಗಾಜಿನ ಚೂರು ನೆಡಿಸಿದರೂ ಸೂತ್ರದ ಪ್ರಕಾರ ರಕ್ಷಣೆ ಸಿಗುವುದು ಹಿತ್ತಲಿನ ಸೀಬೆಕಾಯಿಗೆ ಮಾತ್ರ. "ದ್ಯಾವ್ರಿಗೆ ಅಂತ ನಾಕು ಹೂ ಕಿತ್ಕಂಡೆ ಕಣಕ್ಕ" ಎಂದು ಸಿಕ್ಕಿಬಿದ್ದವರು ಹೇಳುವುದು ಸಬೂಬಲ್ಲ, ಭಾಷ್ಯ.

ಮನೆಯೊಡತಿ ಮೇಲ್ಮನವಿ ಸಲ್ಲಿಸುವುದಾದರೆ ಮಿತಾಕ್ಷರಕ್ಕೇ ಹೋಗಬೇಕು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಈ ವ್ಯಾಖ್ಯಾನದಂತೆ ಪಿತ್ರಾರ್ಜಿತದಲ್ಲಿ ಪಾಲು ಹುಟ್ಟಿನಿಂದಲೇ ಬರುತ್ತದೆ. ಅಲ್ಲಿ ಸಸ್ಯಶಾಸ್ತ್ರ ಅಡ್ಡಗಾಲು ಹಾಕುತ್ತದೆ. ನಮ್ಮ ಬೀದಿಗಳ ಕೆಂಪು ದಾಸವಾಳ ಸಾಮಾನ್ಯವಾಗಿ ಕಾಯಿ ಕಟ್ಟುವುದೇ ಇಲ್ಲ. ಮಳೆಗಾಲದ ಶುರುವಿನಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ಸವರಿ, ಒಂದೆರಡು ಗೆಣ್ಣು ಮಣ್ಣಿಗಿಳಿಯುವಂತೆ ಊರಿದರೆ ಗಿಡ. ಹೀಗೆ ಬಂದದ್ದು ತಾಯಿಯ ಮಗಳಲ್ಲ, ತಾಯಿಯೇ. ಹುಟ್ಟೇ ಇಲ್ಲದ ಮೇಲೆ ಪಾಲೆಲ್ಲಿಂದ? ಒಂದೇ ಗಿಡದಿಂದ ಕಡ್ಡಿ ಪಡೆದ ಹತ್ತು ಮನೆಗಳಲ್ಲಿರುವುದು ಹತ್ತು ವಿಳಾಸಗಳ ಒಂದೇ ದಾಸವಾಳ. ಅದರ ಹೂವನ್ನು ಒಂದು ವಿಳಾಸದಿಂದ ಇನ್ನೊಂದಕ್ಕೆ ಒಯ್ದರೆ ಕಳವು ಎನ್ನಲಾಗದು, ಹೆಚ್ಚೆಂದರೆ ವರ್ಗಾವಣೆ.

ಮೂಲ ದಾಖಲೆ ಹುಡುಕಿದರೆ ಪಜೀತಿ ಇನ್ನೂ ದೊಡ್ಡದು. 1753ರಲ್ಲಿ ಲಿನೇಯಸ್ ಇದನ್ನು ಚೀನಾದ ಗುಲಾಬಿ ಎಂದು ನಮೂದಿಸಿದ. ಗುಲಾಬಿಯಂತೂ ಅಲ್ಲ, ಹತ್ತಿ, ಬೆಂಡೆಗಳ ಕುಲ. ಅಂತರಸನಹಳ್ಳಿ ಮಾರುಕಟ್ಟೆಗೆ ಬರುವ ಬೆಂಡೆಕಾಯಿ ಇದರ ದಾಯಾದಿ. ಕಾಡಿನಲ್ಲಿ ಇದು ತಾನಾಗಿ ಬೆಳೆದು ನಿಂತ ತವರೂ ಪತ್ತೆಯಿಲ್ಲ. ಖಾತೆ, ಪಹಣಿ ಯಾವುದೂ ಇಲ್ಲದ ಈ ಆಸ್ತಿಯನ್ನು ಇಂದಿನ ಮಲೇಷ್ಯಾದ ಪೂರ್ವರೂಪವಾದ ಮಲಯಾ ಒಕ್ಕೂಟ 1960ರಲ್ಲಿ ರಾಷ್ಟ್ರಪುಷ್ಪವೆಂದು ಘೋಷಿಸಿ ತನ್ನದಾಗಿಸಿಕೊಂಡಿತು. ಶಿರಾ ಗೇಟಿನ ಗೃಹಸ್ಥರಿಗೆ ಆ ಚುರುಕು ಸಾಲದು.

ಕೊಕ್ಕೆ ಪಂಥದಲ್ಲಿಯೂ ಒಳಭೇದವಿದೆ. ಪ್ರಾತಃಶಾಖೆಯವರು ಅರಳಿದ್ದನ್ನೇ ಕೀಳುತ್ತಾರೆ. ಸಾಯಂಶಾಖೆಯವರು ಹೆಚ್ಚು ವ್ಯಾಸಂಗ ಮಾಡಿದವರು: ನಾಳೆ ಅರಳಲಿರುವ ಮೊಗ್ಗು ಹಿಂದಿನ ಸಂಜೆ ಕಿತ್ತರೂ ನೀರಿಲ್ಲದೆಯೇ ಬೆಳಗ್ಗೆ ಅರಳುತ್ತದೆಂದು ಬಲ್ಲವರು. ಇನ್ನು, ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹದವಾಗಿ ಸವರಿದಷ್ಟೂ ಕವಲು ಹೆಚ್ಚು. ರೆಂಬೆಯನ್ನೇ ಮುರಿದೊಯ್ಯುವವರು ಪುಕ್ಕಟೆ ತೋಟಗಾರಿಕೆ ಸೇವೆ ಮಾಡುತ್ತಿದ್ದಾರೆಂಬ ಅವರ ವಾದಕ್ಕೆ ಪ್ರಬಂಧಕಾರರ ಬಳಿ ಉತ್ತರವಿಲ್ಲ.

ಮನೆಯೊಡತಿಗೆ ಉಳಿದಿರುವುದು ಹೆಸರಘಟ್ಟದ ದಾರಿ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪರಾಗ ಹಾಯಿಸಿ ದಾಸವಾಳದ ಮಿಶ್ರತಳಿಗಳನ್ನು ಬೆಳೆಸಿದೆ. ಅವಕ್ಕೆ ಹುಟ್ಟೆಂಬುದುಂಟು, ಮಿತಾಕ್ಷರ ಅನ್ವಯಿಸಬಹುದು. ತಟ್ಟೆಯಗಲದ ಹಳದಿ ಹೂವಿಗೆ ಕೊಕ್ಕೆಯ ಕಾಟವೂ ಕಡಿಮೆ, ಏಕೆಂದರೆ ಗಣಪತಿಗೆ ಕೆಂಪೇ ಆಗಬೇಕು.

ಹೂವಿನ ಮೇಲೆ ಇಷ್ಟು ಮಂದಿ ಹಕ್ಕು ಹೂಡಿದರೂ ಹಿಟ್ಟು ತಿಗಣೆ ಯಾರದೆಂದು ಕೇಳಿದರೆ ಬೀದಿಯೇ ಮೌನ. ಇರುವೆಗಳಿಗೆ ಸಿಹಿ ಒಸರಿ ಕೊಟ್ಟು ಕಾವಲು ಪಡೆಯುವ ಈ ಬಿಳಿ ಕೀಟ, ದಾನದ ಕಡ್ಡಿಯೊಡನೆ ಮನೆಮನೆಗೆ ಹೋಗುತ್ತದೆ. 1994ರಲ್ಲಿ ಕೆರಿಬಿಯನ್ನಿನ ಗ್ರೆನಡಾ ದ್ವೀಪಕ್ಕೆ ಕಾಲಿಟ್ಟ ಇದರ ಗುಲಾಬಿ ಪ್ರಭೇದ ಅಲ್ಲಿನ ದಾಸವಾಳದ ಬೇಲಿಗಳನ್ನೇ ಹಾಳುಗೆಡವಿತು. ಇದನ್ನು ತಿನ್ನುವ, 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ನಮ್ಮಲ್ಲಿದೆ. ತೊಂದರೆಯೆಂದರೆ ಅದರ ಮರಿಯೂ ತಿಗಣೆಯಂತೆಯೇ ಬಿಳಿ ಮೇಣ ಹೊದ್ದಿರುತ್ತದೆ. ಕೂತಲ್ಲೇ ಕೂತಿರುವುದು ತಿಗಣೆ, ಚುರುಕಾಗಿ ಓಡಾಡುವುದು ಮರಿ. ಓಡಾಡುವುದೇ ಕಣ್ಣಿಗೆ ಬೀಳುವುದರಿಂದ ಮನೆಯೊಡೆಯ ಮೊದಲು ಅದಕ್ಕೇ ಸೋಪು ನೀರು ಹೊಡೆಯುತ್ತಾನೆ. ಗೋಡೆಯಾಚೆಯ ರೆಂಬೆಯಲ್ಲಿದ್ದ ತಿಗಣೆ ಅಷ್ಟರಲ್ಲಿ ವಾಕಿಂಗ್ ಹೊರಟವರ ಕವರು ಸೇರಿಯಾಗಿರುತ್ತದೆ.