ಗುಜರಿಯವಂಗ ಬರಬ್ಯಾಡ ಅನ್ರಿ, ಕಾಕಾ

ಕಾಕಾ, ನಾಳೆ ಗುಜರಿಯವಂಗ ಬಾ ಅಂದೀರಂತಲ್ಲ, ಖರೇ ಏನ್ರಿ? ಮುಂಜಾನೆ ಕಾಕು ಹೇಳಿದಾಗಿಂದ ನನಗ ಸಮಾಧಾನನ ಇಲ್ಲ. ಅಜ್ಜಾರ ಯೆಜ್ಡಿ ರೋಡ್‌ಕಿಂಗ್ ಕಿಲೋ ಲೆಕ್ಕದಾಗ ಕೊಡೂದಂದ್ರ ಏನ್ರಿ ಅದು! ಅದರ ಸಪ್ಪಳ ಕೇಳೇ ಅಜ್ಜಾರು ಬಂದ್ರು ಅಂತ ಈ ಓಣಿ ಮಂದಿಗೆ ಗೊತ್ತಾಗ್ತಿತ್ತು.

ನಮ್ಮ ಮೈಸೂರಾಗ ತಯಾರಾದ ಗಾಡಿರಿ. 1961ರಾಗ ಯಾದವಗಿರಿಯೊಳಗ ಇರಾನಿ ಮನೆತನದವರು ಐಡಿಯಲ್ ಜಾವಾ ಕಾರ್ಖಾನಿ ಚಾಲೂ ಮಾಡಿದ್ರು, ಚೆಕೊಸ್ಲೊವಾಕಿಯಾದ ಜಾವಾ ಕಂಪನಿ ಜೋಡಿ ಕರಾರು ಮಾಡ್ಕೊಂಡು. ಉದ್ಘಾಟನಾಕ್ಕ ಜಯಚಾಮರಾಜ ಒಡೆಯರು ಬಂದಿದ್ರು. ಮುಂದ ಎಪ್ಪತ್ತರ ದಶಕದಾಗ ಜಾವಾ ಹೋಗಿ ಯೆಜ್ಡಿ ಅಂತ ಹೆಸರಾತು, 1978ಕ್ಕ ರೋಡ್‌ಕಿಂಗ್ ಬಂತು. 1996ಕ್ಕ ಕಾರ್ಖಾನಿ ಮುಚ್ಚಿತು. ಈಗ ಉಳದಾವಲ್ಲ, ಅಷ್ಟ ಗಾಡಿ.

ಏನಂದ್ರಿ? ನಿಮ್ಮ ಹುಡುಗಗ ಹೊಸಾ ಯೆಜ್ಡಿ ಬೇಕಂತ? ಕೊಡಸ್ರಿ, ನಾನೇನು ಬ್ಯಾಡ ಅನ್ನಂಗಿಲ್ಲ. ಮಹೀಂದ್ರಾದವರ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಾಗ ಜಾವಾ, 2022ರಾಗ ಯೆಜ್ಡಿ ಮತ್ತ ರೋಡಿಗೆ ತಂತಲ್ಲ, ಛಲೋ ಕೆಲಸನ ಮಾಡೇತಿ. 334 ಸಿಸಿ ಎಂಜಿನ್, ಫೋರ್ ಸ್ಟ್ರೋಕ್, ಡಿಸ್ಕ್ ಬ್ರೇಕು, ಎಬಿಎಸ್. ಅಜ್ಜಾರ ಗಾಡಿಗೆ ಡ್ರಮ್ ಬ್ರೇಕು. ದಿನಾ ಬೆಳಗಾವಿಗೆ ಹೋಗಿ ಬರೂ ಹುಡುಗಗ ಹೊಸಾದ ಭರೋಸಾ. ಆದ್ರ ಅದು ಮಧ್ಯಪ್ರದೇಶದ ಪೀಥಂಪುರದಾಗ ಆಗೂ ಬ್ಯಾರೇ ಗಾಡಿರಿ. ಕಿಕ್ ಹೊಡದ ಕೋಲನ್ನ ಮುಂದ ಮಲಗಿಸಿದ್ರ ಅದ ಗೇರ್ ಆಗೂದು, ಗೇರ್ ಒತ್ತಿದ್ರ ಕ್ಲಚ್ ತಾನ ಬಿಡೂದು, ಆ ಟೂ ಸ್ಟ್ರೋಕ್ ಹೊಗಿ ವಾಸನಿ — ಇವು ಎಲ್ಲಿ ಸಿಗಬೇಕ್ರಿ ಅದರಾಗ? ಹೊಸಾದು ಬಂತು ಅಂತ ಹಳೇದನ್ನ ಹೊರಗ ಹಾಕೂದು ನನ್ನ ಮನಸ್ಸಿಗೆ ಒಪ್ಪೂದಿಲ್ಲ.

ಚಾಲೂ ಆಗಂಗಿಲ್ಲ ಅಂತೀರಿ. ಆಗೂದರ ಹೆಂಗ್ರಿ? 2019ರ ಆಗಸ್ಟಿನ್ಯಾಗ ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭಾ ಊರಾಗ ಹೊಕ್ಕಾಗ ಸೀಟಿನ ಮಟ ಮುಣಗಿತ್ತು. ನೀರು ಇಳದ ಮ್ಯಾಲ ಯಾರೋ ಅವಸರ ಮಾಡಿ ಕಿಕ್ ಹೊಡದ್ರು. ಒಳಗ ರಾಡಿ ಇರೂವಾಗ ಕಿಕ್ ಹೊಡದ್ರ ಪಿಸ್ಟನ್ ಸಿಲಿಂಡರನ್ನ ಕೆರದ ಬಿಡತೈತಿ. ಈಗ ಜಾಮ್ ಆಗೇತಿ ಅಷ್ಟ, ಸತ್ತಿಲ್ಲ. ಪ್ಲಗ್ ತಗದು ಆ ತೂತಿನ್ಯಾಗ ಡೀಸೆಲ್ ಬಿಟ್ಟು ನಾಕೈದು ದಿನ ನೆನಿಯಾಕ ಇಡೂಣು. ಆಮ್ಯಾಲ ಗೇರಿನ್ಯಾಗ ಹಾಕಿ ಹಿಂದಿನ ಗಾಲಿ ಸಾವಕಾಶ ಹಿಂದ-ಮುಂದ ಅಲ್ಲಾಡಿಸೂಣು. ಜಾಮ್ ಬಿಟ್ಟ ಮ್ಯಾಲ ಸಿಲಿಂಡರ್ ಬಿಚ್ಚಿ ನೋಡೂಣು. ಬೋರಿಂಗ್ ಮಾಡಸೂದು ಬಂತಂದ್ರ ಬೆಳಗಾವಿ ಉದ್ಯಮಬಾಗ ಐತಿ, ಅಲ್ಲಿ ಲೇಥ್ ಕೆಲಸದವರಿಗೇನು ಕಡಿಮಿ?

ಕ್ರ್ಯಾಂಕ್ ಕೇಸ್ ಹೆಂಗಿದ್ರೂ ಬಿಚ್ಚಬೇಕು. ಯಾಕ ಅಂತ ಹೇಳ್ತೀನಿ ಕೇಳ್ರಿ. ಟೂ ಸ್ಟ್ರೋಕಿನ್ಯಾಗ ಗಾಳಿ, ಪೆಟ್ರೋಲು ಮೊದಲ ಈ ಕೇಸಿನ್ಯಾಗ ಬರ್ತಾವು. ಪಿಸ್ಟನ್ ಕೆಳಗ ಇಳದಾಗ ಒತ್ತಡ ಬಿದ್ದು ಮ್ಯಾಲ ಸಿಲಿಂಡರಿಗೆ ಏರ್ತಾವು. ಆ ಒತ್ತಡ ಸೋರಬಾರದು ಅಂತ ಕ್ರ್ಯಾಂಕಿನ ಎರಡೂ ಕಡೆ ರಬ್ಬರಿನ ಆಯಿಲ್ ಸೀಲ್ ಕುಂಡರಸಿರ್ತಾರ. ಗಾಡಿ ವರ್ಷಾನುಗಟ್ಲೆ ನಿಂತ್ರ ಆ ರಬ್ಬರ್ ಒಣಗಿ ಬಿರೀತೈತಿ. ಆ ಸಂದಿಲೆ ಹೊರಗಿನ ಗಾಳಿ ಎಳಕೊಂಡ್ರ ಪೆಟ್ರೋಲು ಕಡಿಮಿ ಬೀಳತೈತಿ. ಎಣ್ಣಿ ಪೆಟ್ರೋಲಿನ್ಯಾಗನ ಕಲಿಸಿರ್ತೀವಲ್ಲ, ಅದೂ ಕಡಿಮಿ. ಪಿಸ್ಟನ್ ಕಾದು ನಡುದಾರ್ಯಾಗ ಹಿಡಕೊಂಡ್ಬಿಡತೈತಿ. ಬಣ್ಣಾ ಹೊಡಿಸಿ, ಸೈಲೆನ್ಸರಿಗೆ ಕ್ರೋಮ್ ಮಾಡಿಸಿ, ಈ ಎರಡು ಸೀಲ್ ಮಾತ್ರ ಹಳೇವ ಬಿಟ್ಟು ಗಾಡಿ ಎಬ್ಬಸ್ತಾರ ಭಾಳ ಮಂದಿ. ಹಂಗ ಎಂಜಿನ್ ಕೆಡೂದು ನೋಡಿದ್ರ ನನಗ ಹೊಟ್ಟಿ ಉರೀತೈತಿ. ರೊಕ್ಕ ಮೊದಲ ಸೀಲು, ಬೇರಿಂಗು, ವೈರಿಂಗಿಗೆ ಹೋಗ್ಲಿ. ಟಾಕಿ ಮ್ಯಾಲಿನ ಬಣ್ಣಾ ಮಾಸಿದ್ದ ಇರವಲ್ದ್ಯಾಕ, ಅಜ್ಜಾರ ಮೊಣಕಾಲು ತಿಕ್ಕಿದ ಗುರ್ತು ಅದು.

ಇನ್ನ ಕಾಗದದ ಮಾತು. 2021ರಾಗ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೋಳಿಗೆ ಅಂತ ಬ್ಯಾರೇ ನೋಂದಣಿ ಮಾಡೇತಿ. ಅದಕ್ಕ 50 ವರ್ಷ ದಾಟಿರಬೇಕು. ರೋಡ್‌ಕಿಂಗಿಗೆ ಅಷ್ಟು ವಯಸ್ಸು ಇನ್ನೂ ಆಗಿಲ್ಲ. ಆಗಿದ್ರೂ ಆ ನೋಂದಣಿ ಪ್ರದರ್ಶನಕ್ಕ, ರ್‍ಯಾಲಿಗೆ ಬರ್ತೈತಿ, ದಿನಾ ಹೊಡಿಯಾಕ ಬಿಡಂಗಿಲ್ಲ. ನಮಗ ಸಾದಾ ಆರ್‌ಸಿ ರಿನ್ಯೂವಲ್ ಮಾಡಿಸೂದ ಛಲೋ. ಗಾಡಿ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬರಬೇಕ್ರಿ ಕಾಕಾ, ನಿಲ್ಲಿಸಿ ಫೋಟೋ ತಗಿಯಾಕಲ್ಲ. ಜುಲೈದಾಗ ಎರಡನೇ ರವಿವಾರ ಜಾವಾ-ಯೆಜ್ಡಿ ದಿನ ಅಂತ ಊರೂರಾಗ ಗಾಡಿಯವರು ಕೂಡ್ತಾರ. ಯಾವ ಸಾಮಾನು ಎಲ್ಲಿ ಸಿಗತೈತಿ ಅಂತ ಅವರನ್ನ ಕೇಳಿದ್ರ ಬಾಯಿಪಾಠ ಹೇಳ್ತಾರ.

ಈಗ ಒಂದ ಫೋನ್ ಹಚ್ಚಿ ಗುಜರಿಯವಂಗ ಬರಬ್ಯಾಡ ಅನ್ರಿ. ಅಜ್ಜಾರ ಟ್ರಂಕಿನ್ಯಾಗ ಆರ್‌ಸಿ ಬುಕ್ ಐತೇನು ಕಾಕುಗ ನೋಡಾಕ ಹೇಳ್ರಿ. ಅರ್ಧ ಲೀಟರ್ ಡೀಸೆಲ್ ತರಿಸಿ ಇಡ್ರಿ, ಪ್ಲಗ್ ಪಾನಾ ನನ್ನ ಕಡೆ ಐತಿ, ಸಂಜಿಮುಂದ ತರ್ತೀನಿ.